ಖಾಲಿ ಉಳಿದ ಹನ್ನೆರಡನೆಯ ಜಾಗ

ಕ್ರೈಸ್ತ ಸಭೆಯಲ್ಲಿ ಹಿರಿಯರನ್ನು ಆರಿಸುವ ದಿನ ಬಂದರೆ ನಮ್ಮ ಕಡೆ ಸಾಮಾನ್ಯವಾಗಿ ಒಂದು ಭಾಗ ಓದುತ್ತಾರೆ. ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕ, 1ನೇ ಅಧ್ಯಾಯ, 15ರಿಂದ 26. ಯೇಸುವನ್ನು ಹಿಡಿದುಕೊಟ್ಟ ಯೂದನ ಜಾಗಕ್ಕೆ ಮತ್ತೀಯನನ್ನು ಹನ್ನೆರಡನೇ ಅಪೊಸ್ತಲನಾಗಿ ಆರಿಸಿದ ಕಥೆ. ಒಂದು ಸಲ ನಾನು ಕೂತಿದ್ದ ಕೂಟದಲ್ಲೂ ಅದನ್ನೇ ಓದಿದರು. ಎರಡು ನಿಮಿಷ ಪ್ರಾರ್ಥನೆ ಆಯಿತು. ಆಮೇಲೆ ಒಬ್ಬರ ಜೇಬಿನಿಂದ ನಾಲ್ಕು ಮಡಿಕೆಯ ಹಾಳೆಯೊಂದು ಹೊರಬಂತು. ಹೆಸರುಗಳನ್ನು ಅದರಲ್ಲಿ ಆಗಲೇ ಬರೆದಿದ್ದರು. ಹಿಂದಿನ ರಾತ್ರಿಯೇ ಯಾರದೋ ಮನೆಯಲ್ಲಿ ಎಲ್ಲ ಮಾತಾಗಿತ್ತು.

ನನಗೆ ತುಂಬ ನೋವಾಯಿತು. ಆ ಪಟ್ಟಿಯಲ್ಲಿದ್ದವರು ಕೆಟ್ಟವರೇನಲ್ಲ. ನೋವಾಗಿದ್ದು ಪ್ರಾರ್ಥನೆಯ ವಿಷಯಕ್ಕೆ. ಅವತ್ತು ಮನೆಗೆ ಬಂದು ಆ ಹನ್ನೆರಡು ವಚನಗಳನ್ನು ಮತ್ತೆ ಓದಿದೆ. ಆಮೇಲೂ ಎಷ್ಟೋ ಸಲ ಓದಿದ್ದೇನೆ. ಯೆರೂಸಲೇಮಿನ ಆ ಮಹಡಿಯ ಕೋಣೆಯಲ್ಲಿ ನಿಜಕ್ಕೂ ಏನೇನು ನಡೆಯಿತು, ಯಾವುದಾದ ಮೇಲೆ ಯಾವುದು ನಡೆಯಿತು ಅಂತ ಒಂದು ಪ್ರಕರಣದ ಹಾಗೆ ಬಿಡಿಸಿ ನೋಡುವುದು ಈ ಬರಹದ ಕೆಲಸ.

ಆಗಿನ ಪರಿಸ್ಥಿತಿ

ಯೇಸು ಸತ್ತು ಎದ್ದ ಮೇಲೆ 40 ದಿನ ಶಿಷ್ಯರಿಗೆ ಕಾಣಿಸಿಕೊಂಡರು, ಆಮೇಲೆ ಎಣ್ಣೇಮರಗಳ ಗುಡ್ಡದಿಂದ ಪರಲೋಕಕ್ಕೆ ಏರಿದರು ಎಂದು ಈ ಪುಸ್ತಕದ ಲೇಖಕ ಲೂಕ ಬರೆಯುತ್ತಾನೆ. ಗುಡ್ಡದಿಂದ ಯೆರೂಸಲೇಮಿಗೆ ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ತಿನಲ್ಲಿ ನಡೆಯಬಹುದಾದಷ್ಟೇ ದೂರ, ಸುಮಾರು ಒಂದು ಕಿಲೋಮೀಟರ್. ಶಿಷ್ಯರು ಇಳಿದು ಬಂದು ತಾವು ಉಳಿದುಕೊಂಡಿದ್ದ ಮನೆಯ ಮಹಡಿ ಹತ್ತಿದರು. ಪಸ್ಕದ ನಂತರ ಐವತ್ತನೇ ದಿನ ಬರುವ ಯೆಹೂದ್ಯರ ಪಂಚಾಶತ್ತಮ ಹಬ್ಬಕ್ಕೆ ಇನ್ನು ಹತ್ತು ದಿನವಿತ್ತು. ಪವಿತ್ರಾತ್ಮ ಬರುವ ತನಕ ಊರು ಬಿಡಬೇಡಿ ಅಂತ ಅವರಿಗೆ ಹೇಳಿಯಾಗಿತ್ತು. ಕಾಯುವುದು ಬಿಟ್ಟು ಬೇರೆ ಆಜ್ಞೆ ಇರಲಿಲ್ಲ.

ಕೋಣೆಯಲ್ಲಿ ಯಾರಿದ್ದರು? ಹನ್ನೊಂದು ಅಪೊಸ್ತಲರ ಹೆಸರನ್ನು ಲೂಕ ಒಂದೊಂದಾಗಿ ಕೊಡುತ್ತಾನೆ. ಅವರ ಜೊತೆ ಹೆಂಗಸರಿದ್ದರು, ಯೇಸುವಿನ ತಾಯಿ ಮರಿಯಳಿದ್ದಳು, ಯೇಸುವಿನ ತಮ್ಮಂದಿರಿದ್ದರು. ಆ ತಮ್ಮಂದಿರೇ ಒಂದು ಕಾಲದಲ್ಲಿ ಅವರನ್ನು ನಂಬಿರಲಿಲ್ಲ ಅಂತ ಯೋಹಾನನ ಸುವಾರ್ತೆ ಹೇಳುತ್ತದೆ. ಎಲ್ಲ ಸೇರಿ ಸುಮಾರು 120 ಜನ.

ಇವರು ಒಮ್ಮನಸ್ಸಿನಿಂದ ಪ್ರಾರ್ಥನೆಯಲ್ಲಿ ತೊಡಗಿದ್ದರು ಎಂದು 14ನೇ ವಚನದಲ್ಲಿದೆ. ಅದನ್ನು ಬೇಗ ಓದಿ ಮುಂದೆ ಹೋಗಬಾರದು. ಯಾಕೆಂದರೆ ಇದೇ ಜನ, ಇನ್ನೂ ಎರಡು ತಿಂಗಳೂ ಆಗಿಲ್ಲ, ಕಡೆಯ ರಾತ್ರಿ ಊಟದ ಹೊತ್ತಿನಲ್ಲೇ ನಮ್ಮಲ್ಲಿ ಯಾರು ದೊಡ್ಡವನು ಅಂತ ಜಗಳವಾಡಿದ್ದರು. ಅದನ್ನು ಬರೆದವನೂ ಲೂಕನೇ. ಅದಕ್ಕೂ ಮುಂಚೆ ಯಾಕೋಬ ಮತ್ತು ಯೋಹಾನ ಯೇಸುವಿನ ಬಲಕ್ಕೊಬ್ಬ ಎಡಕ್ಕೊಬ್ಬ ಕೂರಬೇಕು ಅಂತ ಕೇಳಿ ಉಳಿದ ಹತ್ತು ಜನರ ಸಿಟ್ಟಿಗೆ ಗುರಿಯಾಗಿದ್ದರು. ಕುರ್ಚಿಯ ಆಸೆ ಇವರಿಗೆ ಗೊತ್ತಿಲ್ಲದ್ದಲ್ಲ. ಈಗ ಅವರ ನಡುವೆಯೇ ಒಂದು ಕುರ್ಚಿ ಖಾಲಿ ಬಿದ್ದಿದೆ.

ಅದು ಖಾಲಿಯಾದ ರೀತಿಯೂ ಸಾಮಾನ್ಯವಲ್ಲ. ವಯಸ್ಸಾಗಿಯೋ ಕಾಯಿಲೆಯಿಂದಲೋ ಯಾರೋ ತೀರಿಕೊಂಡದ್ದಲ್ಲ. ಜೊತೆಯಲ್ಲಿ ಉಂಡವನು, ಹಣದ ಚೀಲ ಹಿಡಿದಿದ್ದವನು, ಗುರುವನ್ನು ಹಿಡಿದುಕೊಟ್ಟು ಕಡೆಗೆ ಘೋರವಾಗಿ ಸತ್ತ. ಊರಿಗೆಲ್ಲ ಗೊತ್ತಾಗಿದೆ. ಅವನ ಹೊಲಕ್ಕೆ ರಕ್ತದ ಹೊಲ ಅಂತ ಹೆಸರೂ ಬಿದ್ದಿದೆ.

ಪೇತ್ರ ಎದ್ದು ನಿಲ್ಲುತ್ತಾನೆ

ನನಗೆ ಅತಿ ಹತ್ತಿರವೆನಿಸುವುದು ಪೇತ್ರ ಎದ್ದು ನಿಂತ ಆ ಗಳಿಗೆ. ಆರೇಳು ವಾರದ ಹಿಂದೆ ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಾ ಅವನು ಮೂರು ಸಲ ಆ ಮನುಷ್ಯನನ್ನು ಅರಿಯೆ ಅಂದಿದ್ದ. ಯೂದನ ಬಗ್ಗೆ ಮಾತಾಡಲು ಆ ಕೋಣೆಯಲ್ಲಿ ಅತಿ ಕಷ್ಟವಾಗಬೇಕಾಗಿದ್ದು ಅವನಿಗೇ, ಅಲ್ವಾ?

ಆದರೂ ಅವನು ವಿಷಯವನ್ನು ಮುಚ್ಚಿಡಲಿಲ್ಲ. ಯೇಸುವನ್ನು ಹಿಡಿದವರಿಗೆ ಯೂದನೇ ದಾರಿ ತೋರಿಸಿದ ಅಂತ ನೇರವಾಗಿ ಹೇಳಿದ. ಅದರ ಬೆನ್ನಿಗೇ ಇನ್ನೊಂದು ಮಾತು ಹೇಳಿದ: ಅವನು ನಮ್ಮಲ್ಲೊಬ್ಬನಾಗಿ ಎಣಿಕೆಯಾಗಿದ್ದವನು, ಈ ಸೇವೆಯಲ್ಲಿ ಪಾಲು ಪಡೆದಿದ್ದವನು. ನಮ್ಮಲ್ಲೊಬ್ಬ! ಪೇತ್ರನ ಮಾತಿನಲ್ಲಿ ಬೈಗುಳವಿಲ್ಲ. ಅವನು ಮೊದಲಿನಿಂದಲೂ ಹಾಗೇ ಇದ್ದ, ನನಗೆ ಆಗಲೇ ಅನುಮಾನವಿತ್ತು ಅನ್ನುವ ಮಾತೂ ಇಲ್ಲ. ಹೊಸಬನನ್ನು ಆರಿಸುವ ಮುಂಚೆ ಹಳಬನ ಪತನವನ್ನು ಎಲ್ಲರ ಮುಂದೆ, ಸತ್ಯವಾಗಿ, ದುಃಖದಿಂದ ಹೇಳಿ ಮುಗಿಸಿದರು. ನಮ್ಮಲ್ಲಿ ಎಷ್ಟೋ ಕಡೆ ಈ ಕೆಲಸ ಆಗುವುದೇ ಇಲ್ಲ. ಹಿಂದಿನವರು ಯಾಕೆ ಹೋದರು ಅಂತ ಯಾರೂ ಬಾಯಿ ಬಿಡುವುದಿಲ್ಲ. ಹೊಸಬರು ಆ ಮೌನದ ಮೇಲೆಯೇ ಬಂದು ಕೂರಬೇಕಾಗುತ್ತದೆ.

ಆಮೇಲೆ ಪೇತ್ರ ಎರಡು ಕೀರ್ತನೆಗಳನ್ನು ಎತ್ತಿಕೊಂಡ. ಒಂದು 69ನೆಯದು: ಅವನ ಮನೆ ಹಾಳಾಗಲಿ. ಇನ್ನೊಂದು 109ನೆಯದು: ಅವನ ಉದ್ಯೋಗ ಮತ್ತೊಬ್ಬನಿಗೆ ಆಗಲಿ. ಇಲ್ಲಿ ಉದ್ಯೋಗ ಅನ್ನುವುದಕ್ಕಿರುವ ಗ್ರೀಕ್ ಮಾತು ಎಪಿಸ್ಕೊಪೆ. ಮೇಲ್ವಿಚಾರಣೆ ಎಂದು ಅರ್ಥ. ಬಿಷಪ್ ಅನ್ನುವ ಹೆಸರೂ ಅದೇ ಬಳ್ಳಿಯದು.

ಅರ್ಹತೆ ಏನು?

ಪೇತ್ರ ಹಾಕಿದ ಷರತ್ತು ತುಂಬ ಸರಳ, ಅಷ್ಟೇ ಬಿಗಿ. ಸ್ನಾನಿಕ ಯೋಹಾನನ ದೀಕ್ಷಾಸ್ನಾನದ ದಿನದಿಂದ ಯೇಸು ಏರಿಹೋದ ದಿನದ ತನಕ ನಮ್ಮ ಜೊತೆ ಇದ್ದವನಾಗಿರಬೇಕು. ಪುನರುತ್ಥಾನಕ್ಕೆ ಸಾಕ್ಷಿಯಾಗಬೇಕು. ಅಷ್ಟೇ. ಓದಿದ್ದಾನಾ, ಮಾತುಗಾರನಾ, ಯಾವ ಮನೆತನ, ಕೈಯಲ್ಲಿ ದುಡ್ಡಿದೆಯಾ ಅಂತ ಕೇಳಲಿಲ್ಲ.

ಈ ಷರತ್ತಿನಿಂದ ಒಂದು ಗೊತ್ತಾಗುತ್ತದೆ. ಹನ್ನೆರಡು ಜನರ ಪಟ್ಟಿಯಲ್ಲಿ ಹೆಸರಿಲ್ಲದೆಯೂ ಮೊದಲಿನಿಂದ ಕೊನೆವರೆಗೆ ಜೊತೆಗೇ ನಡೆದವರು ಇದ್ದರು. ಗಲಿಲಾಯದ ಹಾದಿಯ ಧೂಳು ತಿಂದವರು, ಶಿಲುಬೆಯ ದಿನದ ಹೆದರಿಕೆಯನ್ನೂ ಕಂಡವರು. ಯಾವ ಹುದ್ದೆಯೂ ಇಲ್ಲದೆ ಅಷ್ಟೂ ಕಾಲ ನಿಂತಿದ್ದವರಿಂದಲೇ ಹುದ್ದೆಗೆ ಒಬ್ಬನನ್ನು ಹುಡುಕಿದರು. ನಾಲ್ಕನೇ ಶತಮಾನದ ಚರಿತ್ರೆಗಾರ ಯುಸೇಬಿಯಸ್, ಮತ್ತೀಯ ಯೇಸು ಕಳುಹಿಸಿದ 70 ಮಂದಿಯಲ್ಲಿ ಒಬ್ಬನಾಗಿದ್ದ ಅನ್ನುವ ಮಾತನ್ನು ದಾಖಲಿಸುತ್ತಾನೆ.

ಷರತ್ತಿನಲ್ಲಿ ಗಂಡಸರು ಎಂದೇ ಇದೆ. ಖಾಲಿ ಸಮಾಧಿಯನ್ನು ಮೊದಲು ಕಂಡ ಹೆಂಗಸರು ಪ್ರಾರ್ಥನೆಯಲ್ಲಿದ್ದರು, ಪಟ್ಟಿಯಲ್ಲಿರಲಿಲ್ಲ. ಓದುವಾಗ ನಾನು ಪ್ರತಿ ಸಲ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಇಬ್ಬರ ಹೆಸರು, ಒಂದು ಅಕ್ಷರ

ಷರತ್ತಿಗೆ ಹೊಂದುವ ಇಬ್ಬರನ್ನು ನಿಲ್ಲಿಸಿದರು. ಒಬ್ಬ ಯೋಸೇಫ. ಅವನಿಗೆ ಬಾರ್ಸಬ ಅಂತಲೂ ಕರೆಯುತ್ತಿದ್ದರು, ಯುಸ್ತ ಅನ್ನುವ ಅಡ್ಡಹೆಸರೂ ಇತ್ತು. ಯುಸ್ತ ಲ್ಯಾಟಿನ್ ಹೆಸರು, ನೀತಿವಂತ ಅಂತ ಅರ್ಥ. ಇನ್ನೊಬ್ಬ ಮತ್ತೀಯ. ಅವನಿಗೆ ಒಂದೇ ಹೆಸರು. ದೇವರ ಕೊಡುಗೆ ಅಂತ ಅರ್ಥ.

ಹೆಸರು ಕೊಟ್ಟ ರೀತಿ ನೋಡಿದರೆ ಯೋಸೇಫನೇ ಜಾಸ್ತಿ ಗೊತ್ತಿದ್ದವನು ಅನಿಸುತ್ತದೆ. ಅವನ ಹೆಸರು ಮೊದಲು ಬರುತ್ತದೆ, ಜನ ಅವನಿಗೆ ನೀತಿವಂತ ಅಂತ ಪ್ರೀತಿಯ ಹೆಸರಿಟ್ಟಿದ್ದಾರೆ. ಕೈ ಎತ್ತಿಸಿದ್ದರೆ ಬಹುಶಃ ಅವನೇ ಗೆಲ್ಲುತ್ತಿದ್ದ. ಇದು ಬರೀ ನನ್ನ ಅನಿಸಿಕೆ, ಲೂಕ ಹಾಗೇನೂ ಹೇಳುವುದಿಲ್ಲ.

ಇಲ್ಲಿ ಹಸ್ತಪ್ರತಿಗಳ ಒಂದು ಸಂಗತಿ ಹೇಳಲೇಬೇಕು. ಹೆಚ್ಚಿನ ಗ್ರೀಕ್ ಪ್ರತಿಗಳಲ್ಲಿ "ಎಸ್ತೇಸನ್" ಎಂದಿದೆ, ಅಂದರೆ ನಿಲ್ಲಿಸಿದರು. ಈಗ ಕೇಂಬ್ರಿಜ್‌ನಲ್ಲಿರುವ ಬೆಝಾ ಎಂಬ ಪುರಾತನ ಪ್ರತಿಯಲ್ಲಿ ಮಾತ್ರ "ಎಸ್ತೇಸೆನ್", ಅಂದರೆ ನಿಲ್ಲಿಸಿದನು. ಒಂದೇ ಒಂದು ಸ್ವರ ಬದಲಾಗಿದೆ. ಆ ಒಂದು ಅಕ್ಷರದಿಂದ 120 ಜನ ಮಾಡಿದ ಕೆಲಸ ಪೇತ್ರ ಒಬ್ಬನ ಕೆಲಸವಾಗಿಬಿಡುತ್ತದೆ. ನಾಯಕನೇ ಹೆಸರು ಸೂಚಿಸುವುದು ಮುಂದೆ ಯಾರಿಗೋ ಸಹಜವಾಗಿ ಕಂಡಿರಬೇಕು, ಅದಕ್ಕೇ ಹಾಗೆ ಬರೆದರೇನೋ. ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವುದು ಬಹುವಚನವನ್ನೇ. ನಮ್ಮ ಕನ್ನಡ ಬೈಬಲಿನಲ್ಲೂ ಬಹುವಚನವೇ ಇದೆ.

ಕ್ರಿ.ಶ. 400ರ ಸುಮಾರಿನಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಈ ಭಾಗದ ಮೇಲೆ ಪ್ರಸಂಗ ಮಾಡಿದ ಯೋಹಾನ ಕ್ರಿಸೊಸ್ತೋಮ್ ಕೂಡ ಇದನ್ನೇ ಕೇಳಿಕೊಂಡ. ಪೇತ್ರ ತಾನೇ ಆರಿಸಬಹುದಿತ್ತಲ್ಲ? ಖಂಡಿತ ಆರಿಸಬಹುದಿತ್ತು, ಆದರೆ ಪಕ್ಷಪಾತ ಅನ್ನಿಸಬಾರದು ಅಂತ ಹಾಗೆ ಮಾಡಲಿಲ್ಲ ಅನ್ನುವುದು ಅವನ ಉತ್ತರ.

ಪ್ರಾರ್ಥನೆ ಎಲ್ಲಿ ಬಂತು

ಇಷ್ಟೆಲ್ಲ ಆದ ಮೇಲೆ ಪ್ರಾರ್ಥನೆ. ದಿನಗಟ್ಟಲೆ ಪ್ರಾರ್ಥಿಸುತ್ತಲೇ ಇದ್ದವರು ಈಗ ಈ ಒಂದು ವಿಷಯಕ್ಕೆ ಅಂತ ಮತ್ತೆ ಪ್ರಾರ್ಥಿಸಿದರು. ತುಂಬ ಚಿಕ್ಕ ಪ್ರಾರ್ಥನೆ. ಕರ್ತನೇ, ಎಲ್ಲರ ಹೃದಯವನ್ನು ಬಲ್ಲವನೇ, ಈ ಇಬ್ಬರಲ್ಲಿ ನೀನು ಯಾರನ್ನು ಆರಿಸಿಕೊಂಡಿದ್ದೀ ತೋರಿಸು.

ಆರಿಸಿಕೊಂಡಿದ್ದೀ, ತೋರಿಸು. ಕೇಳಿದ್ದು ಅಷ್ಟೇ. ನಾವು ಆರಿಸಿದವನನ್ನು ಆಶೀರ್ವದಿಸು ಅಂತ ಕೇಳಲಿಲ್ಲ. ಆರಿಸಲು ನಮಗೆ ಜ್ಞಾನ ಕೊಡು ಅಂತಲೂ ಕೇಳಲಿಲ್ಲ. ಆಯ್ಕೆ ಆಗಲೇ ಆಗಿದೆ, ನಮಗೆ ಗೊತ್ತಿಲ್ಲ ಅಷ್ಟೇ ಅನ್ನುವವರ ಪ್ರಾರ್ಥನೆ ಇದು. ಇದೇ ಅಧ್ಯಾಯದ 2ನೇ ವಚನದಲ್ಲಿ ಯೇಸು ಅಪೊಸ್ತಲರನ್ನು ಆರಿಸಿಕೊಂಡರು ಎನ್ನುವಾಗ ಯಾವ ಗ್ರೀಕ್ ಕ್ರಿಯಾಪದವಿದೆಯೋ ಇಲ್ಲೂ ಅದೇ ಇದೆ. ಹನ್ನೆರಡು ಜನರನ್ನು ಆರಿಸುವ ಮುಂಚೆ ಯೇಸು ಗುಡ್ಡದ ಮೇಲೆ ರಾತ್ರಿಯೆಲ್ಲ ಪ್ರಾರ್ಥನೆ ಮಾಡಿದರು ಅಂತ ಲೂಕ ತನ್ನ ಸುವಾರ್ತೆಯಲ್ಲಿ ಬರೆದಿದ್ದಾನೆ, ಅಲ್ಲೂ ಅದೇ ಕ್ರಿಯಾಪದ. ಹಾಗಾಗಿ ಇಲ್ಲಿ ಕರ್ತನೇ ಅಂದದ್ದು ಯೇಸುವನ್ನೇ ಅಂತ ನಾನು ಓದಿಕೊಳ್ಳುತ್ತೇನೆ. ಮೊದಲ ಹನ್ನೆರಡನ್ನು ಆರಿಸಿದವರೇ ಈ ಒಬ್ಬನನ್ನೂ ಆರಿಸಲಿ ಎಂದು ಅವರು ಕೇಳಿಕೊಂಡರು.

ಹೃದಯವನ್ನು ಬಲ್ಲವನು ಅನ್ನುವ ಆ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ. ಇಲ್ಲಿ ಒಮ್ಮೆ, 15ನೇ ಅಧ್ಯಾಯದಲ್ಲಿ ಪೇತ್ರನ ಬಾಯಲ್ಲಿ ಇನ್ನೊಮ್ಮೆ. ಯೂದನ ಹೃದಯ ಯಾರಿಗೂ ತಿಳಿದಿರಲಿಲ್ಲ. ಮೂರು ವರ್ಷ ಪಕ್ಕದಲ್ಲಿ ಮಲಗಿದ್ದವರಿಗೂ ತಿಳಿಯಲಿಲ್ಲ. ಕಡೆಯ ರಾತ್ರಿ, ನಿಮ್ಮಲ್ಲೊಬ್ಬ ನನ್ನನ್ನು ಹಿಡಿದುಕೊಡುತ್ತಾನೆ ಅಂದಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು. ನಾವು ಜನರನ್ನು ಅಳೆಯುವುದರಲ್ಲಿ ಸೋತವರು ಅನ್ನುವ ಗಾಯ ಈ ಪ್ರಾರ್ಥನೆಯ ಒಳಗಿದೆ.

ಚೀಟು

ಆಮೇಲೆ ಚೀಟು ಹಾಕಿದರು. ಅದು ಮತ್ತೀಯನಿಗೆ ಬಂತು.

ಚೀಟು ಅಂದ ತಕ್ಷಣ ನಮ್ಮ ಕಣ್ಣಿಗೆ ಬರುವುದು ಕಾಗದದ ಚೂರು. ಡಬ್ಬಿಗೆ ಹಾಕಿ ಕುಲುಕಿ, ಮಗುವಿನ ಕೈಯಲ್ಲಿ ಎತ್ತಿಸುವುದು. ಪಂಚಾಯಿತಿ ಚುನಾವಣೆಯಲ್ಲಿ ಇಬ್ಬರಿಗೂ ಸಮ ವೋಟು ಬಿದ್ದರೆ ಲಾಟರಿ ಮೂಲಕ ಆಯ್ಕೆ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದು. ಆ ಕಾಲದ ಚೀಟು ಸಾಮಾನ್ಯವಾಗಿ ಚಿಕ್ಕ ಕಲ್ಲು. ಬಟ್ಟೆಯ ಮಡಿಲಲ್ಲೋ ಪಾತ್ರೆಯಲ್ಲೋ ಹಾಕಿ ಅಲುಗಾಡಿಸುತ್ತಿದ್ದರು. ಚೀಟು ಮಡಿಲಲ್ಲಿ ಬೀಳುತ್ತದೆ, ತೀರ್ಪು ಯೆಹೋವನದೇ ಎಂದು ಜ್ಞಾನೋಕ್ತಿ 16ನೇ ಅಧ್ಯಾಯ ಹೇಳುತ್ತದೆ. ಮತ್ತೀಯ ಹನ್ನೊಂದು ಮಂದಿಯ ಜೊತೆ ಎಣಿಕೆಯಾದ ಎನ್ನುವಾಗ ಲೂಕ ಬಳಸಿದ ಗ್ರೀಕ್ ಮಾತಿನ ಹೊಟ್ಟೆಯಲ್ಲೂ ಎಣಿಸುವ ಬೆಣಚುಕಲ್ಲೇ ಇದೆ.

ಇನ್ನೂ ಒಂದು ಪದ ನೋಡಿ. ಚೀಟಿಗೆ ಗ್ರೀಕಿನಲ್ಲಿ ಕ್ಲೇರೋಸ್. ಯೂದ ಈ ಸೇವೆಯಲ್ಲಿ ಪಾಲು ಪಡೆದಿದ್ದ ಎಂದು ಪೇತ್ರ ಹೇಳಿದನಲ್ಲ, ಆ ಪಾಲಿಗೂ ಅದೇ ಪದ. ಯೂದ ಕಳೆದುಕೊಂಡ ಕ್ಲೇರೋಸ್ ಕಡೆಯ ವಚನದಲ್ಲಿ ಮತ್ತೀಯನ ಮೇಲೆ ಬಿತ್ತು. ಸೇವೆ ಅವರ ಪಾಲಿಗೆ ಬಂದದ್ದು, ಗಳಿಸಿದ್ದಲ್ಲ. ಯೆಹೂದ್ಯರಿಗೆ ಇದು ಹೊಸದೂ ಅಲ್ಲ. ಯೆಹೋಶುವನ ಕಾಲದಲ್ಲಿ ಕುಲಗಳಿಗೆ ನೆಲ ಹಂಚಿದ್ದು ಚೀಟಿನಿಂದ. ಸ್ನಾನಿಕ ಯೋಹಾನನ ತಂದೆ ಜಕರೀಯನಿಗೆ ಧೂಪ ಹಾಕುವ ಸರದಿ ಸಿಕ್ಕಿದ್ದೂ ಚೀಟಿನಿಂದ.

ಅಂದರೆ ಚೀಟು ಯೋಚನೆಗೆ ಬದಲಾಗಿ ಬಂದದ್ದಲ್ಲ. ಮನುಷ್ಯರು ಮಾಡಬೇಕಾದದ್ದನ್ನೆಲ್ಲ ಅವರು ಮಾಡಿ ಮುಗಿಸಿದ್ದರು. ಬಿದ್ದವನ ಬಗ್ಗೆ ಸತ್ಯ ಹೇಳಿದರು. ವಾಕ್ಯ ನೋಡಿದರು. ಷರತ್ತು ಇಟ್ಟರು. 120 ಜನರಲ್ಲಿ ಇಬ್ಬರನ್ನು ಹುಡುಕಿದರು, ಇಬ್ಬರೂ ಯೋಗ್ಯರೇ. ಕೊನೆಯ ಒಂದು ಹೆಜ್ಜೆಗೆ ಮಾತ್ರ ಕೈ ಹಿಂದೆ ತೆಗೆದರು. ಆ ಹೆಜ್ಜೆಯಲ್ಲಿ ಪೇತ್ರನ ಕೈಯಿಲ್ಲ, ಯೋಹಾನನ ಗುಂಪಿಲ್ಲ, ಯೇಸುವಿನ ಮನೆಯವರ ಮಾತು ನಡೆಯಲಿಲ್ಲ. ಮತ್ತೀಯ ಯಾರಿಗೂ ಋಣಿಯಾಗದೆ ಒಳಗೆ ಬಂದ. ನಾಳೆ ನಿನ್ನನ್ನು ತಂದವನು ನಾನು ಅಂತ ಅವನ ಹೆಗಲ ಮೇಲೆ ಕೈ ಹಾಕಲು ಅಲ್ಲಿ ಯಾರಿಗೂ ಆಗುತ್ತಿರಲಿಲ್ಲ.

ಇದು ತಪ್ಪು ಆಯ್ಕೆಯೇ?

ಪೇತ್ರ ಅವಸರಪಟ್ಟ, ಆ ಜಾಗ ಮುಂದೆ ಅಪೊಸ್ತಲನಾದ ಪೌಲನಿಗೆ ಸೇರಬೇಕಾಗಿತ್ತು, ಅದಕ್ಕೇ ಮತ್ತೀಯನ ಹೆಸರು ಮತ್ತೆ ಬರುವುದಿಲ್ಲ ಅಂತ ಕೆಲವು ಪ್ರಸಂಗಿಗಳು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹೆಸರು ಬರದಿರುವುದೇ ಕಾರಣವಾದರೆ ತೋಮ, ಅಂದ್ರೆಯ, ಬಾರ್ತೊಲೊಮಾಯ ಯಾರ ಹೆಸರೂ ಆ ಪುಸ್ತಕದಲ್ಲಿ 1ನೇ ಅಧ್ಯಾಯದ ಆಚೆ ಬರುವುದಿಲ್ಲ. 6ನೇ ಅಧ್ಯಾಯದಲ್ಲಿ ಲೂಕ ಸಹಜವಾಗಿ "ಹನ್ನೆರಡು ಮಂದಿ" ಅನ್ನುತ್ತಾನೆ, ಅದರಲ್ಲಿ ಮತ್ತೀಯ ಸೇರಿದ್ದಾನೆ. ಪೌಲನೇ ಕೊರಿಂಥದವರಿಗೆ ಬರೆಯುವಾಗ ಹನ್ನೆರಡು ಮಂದಿಯನ್ನು ತನ್ನಿಂದ ಬೇರೆಯಾಗಿ ಎಣಿಸುತ್ತಾನೆ. ಯೋಹಾನನ ದೀಕ್ಷಾಸ್ನಾನದಿಂದ ಜೊತೆಗಿರಬೇಕು ಅನ್ನುವ ಷರತ್ತಂತೂ ಪೌಲನಿಗೆ ಹೊಂದುವುದೇ ಇಲ್ಲ.

ಆ ಅವಸರಕ್ಕೂ ಕಾರಣವಿತ್ತು. ಇಸ್ರಾಯೇಲಿನ ಹನ್ನೆರಡು ಕುಲಗಳಿಗೆ ಹನ್ನೆರಡು ಸಿಂಹಾಸನ ಅಂತ ಯೇಸು ಮಾತು ಕೊಟ್ಟಿದ್ದರು. ಪಂಚಾಶತ್ತಮದ ದಿನ ಇಸ್ರಾಯೇಲಿನ ಮುಂದೆ ಹನ್ನೊಂದು ಜನ ನಿಂತರೆ ಒಂದು ಕುಲದ ಜಾಗ ಖಾಲಿ ಕಾಣುತ್ತದೆ. ಮುಂದೆ, ಕ್ರಿ.ಶ. 44ಕ್ಕಿಂತ ಸ್ವಲ್ಪ ಮುಂಚೆ, ಅರಸ ಹೆರೋದ ಅಗ್ರಿಪ್ಪ ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದಾಗ ಆ ಜಾಗಕ್ಕೆ ಯಾರನ್ನೂ ತುಂಬಲಿಲ್ಲ. ಯಾಕೋಬ ಸತ್ತರೂ ಅವನ ಜಾಗ ಅವನದೇ ಆಗಿತ್ತು. ಯೂದ ತನ್ನದನ್ನು ಬಿಟ್ಟುಹೋಗಿದ್ದ.

ಆಮೇಲೆ ನಡೆದದ್ದು

ಹೊಸ ಒಡಂಬಡಿಕೆಯಲ್ಲಿ ಮತ್ತೆ ಯಾವ ನಾಯಕನನ್ನೂ ಚೀಟು ಹಾಕಿ ಆರಿಸಿದ್ದಿಲ್ಲ. ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರಿಗೆ ಅನ್ಯಾಯವಾದಾಗ ಸಭೆ ಏಳು ಜನರನ್ನು ಆರಿಸಿತು, ಅಪೊಸ್ತಲರು ಪ್ರಾರ್ಥಿಸಿ ಕೈಯಿಟ್ಟರು. ಅಂತಿಯೋಕ್ಯದಲ್ಲಿ ಉಪವಾಸವಿದ್ದು ಪ್ರಾರ್ಥಿಸುವಾಗ ಪವಿತ್ರಾತ್ಮನೇ ಬಾರ್ನಬ ಮತ್ತು ಸೌಲನನ್ನು (ಪೌಲನ ಇನ್ನೊಂದು ಹೆಸರು) ಬೇರೆ ಮಾಡಿರಿ ಎಂದ. ಪೌಲ ಬಾರ್ನಬರು ಊರೂರಿನ ಸಭೆಗೆ ಹಿರಿಯರನ್ನು ನೇಮಿಸಿದ್ದೂ ಉಪವಾಸ ಪ್ರಾರ್ಥನೆಯಿಂದಲೇ. ವಿಧಾನ ಪ್ರತಿ ಸಲ ಬೇರೆ. ಪ್ರಾರ್ಥನೆ ಮಾತ್ರ ಒಂದು ಕಡೆಯೂ ತಪ್ಪಿಲ್ಲ.

ಚೀಟು ಪೂರ್ತಿ ಮರೆಯಾಗಲಿಲ್ಲ. 1917ರಲ್ಲಿ ಮಾಸ್ಕೋದಲ್ಲಿ ಮೂವರ ಹೆಸರಿನಿಂದ ಚೀಟು ಎತ್ತಿ ಟೀಖೋನರನ್ನು ರಷ್ಯಾದ ಆರ್ಥಡಾಕ್ಸ್ ಸಭೆಯ ಮುಖ್ಯಸ್ಥ, ಅಂದರೆ ಪೇಟ್ರಿಯಾರ್ಕ್, ಮಾಡಿದರು. 2012ರ ನವೆಂಬರ್ 4ರಂದು ಕೈರೋದ ಸಂತ ಮಾರ್ಕರ ಕತೀಡ್ರಲ್‌ನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿದ ಹುಡುಗನೊಬ್ಬ ಗಾಜಿನ ಪಾತ್ರೆಗೆ ಕೈ ಹಾಕಿದ. ಒಳಗಿದ್ದದ್ದು ಮೂರು ಹೆಸರು. ಬಂದದ್ದು ಎರಡನೇ ತವಾದ್ರೋಸ್ ಆಗಿ ಈಜಿಪ್ಟಿನ ಕಾಪ್ಟಿಕ್ ಸಭೆಯ ಮುಖ್ಯಸ್ಥರಾದವರ ಹೆಸರು. ಅಲ್ಲೂ ಚೀಟು ಕೊನೆಯ ಹೆಜ್ಜೆಯೇ. ಅದಕ್ಕೂ ಮುಂಚೆ ಹೆಸರುಗಳ ಪರಿಶೀಲನೆ, ಮತದಾನ, ಉಪವಾಸ ಎಲ್ಲ ಆಗಿತ್ತು.

ಯೋಸೇಫ

ಈಗ ಚೀಟು ಬೀಳದವನ ಕಡೆ ಬರೋಣ. ಈ ಪ್ರಕರಣದಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಅವನ ಹತ್ತಿರವೇ. 120 ಜನರ ಮುಂದೆ ಅವನನ್ನು ನಿಲ್ಲಿಸಿದರು. ಎಲ್ಲರ ಕಣ್ಣೂ ಅವನ ಮೇಲಿತ್ತು. ಕಲ್ಲು ಬಿತ್ತು, ಪಕ್ಕದವನ ಹೆಸರು ಬಂತು. ಅವನು ಹೋಗಿ ಮತ್ತೆ ಜನರ ನಡುವೆ ಕೂತುಕೊಳ್ಳಬೇಕಾಯಿತು.

ಸೋತವರು ಬೇರೆ ಸಭೆ ಕಟ್ಟುವುದನ್ನು ನಾವು ಕಂಡಿದ್ದೇವೆ. ಕೋರ್ಟಿಗೆ ಹೋಗುವುದನ್ನು ಕಂಡಿದ್ದೇವೆ. ಒಂದೇ ಮನೆಯ ಅಣ್ಣ ತಮ್ಮಂದಿರು ಒಂದೇ ಬೆಂಚಿನಲ್ಲಿ ಕೂರದೆ ವರ್ಷಗಟ್ಟಲೆ ಕಳೆದದ್ದನ್ನೂ ನಾನು ನೋಡಿದ್ದೇನೆ. ಯೋಸೇಫನ ಬಗ್ಗೆ ಕ್ರಿಸೊಸ್ತೋಮ್ ಒಂದು ಒಳ್ಳೆಯ ಮಾತು ಹೇಳುತ್ತಾನೆ: ಅವನು ಬೇಸರ ಮಾಡಿಕೊಳ್ಳಲಿಲ್ಲ, ಮಾಡಿಕೊಂಡಿದ್ದರೆ ಬರೆದವರು ಅದನ್ನು ಮುಚ್ಚಿಡುತ್ತಿರಲಿಲ್ಲ. ದೊಡ್ಡ ಅಪೊಸ್ತಲರೇ ಸಿಟ್ಟು ಮಾಡಿಕೊಂಡದ್ದನ್ನು ಅವರು ಬರೆದಿಟ್ಟಿದ್ದಾರಲ್ಲ.

ಮತ್ತೀಯನ ಆಯ್ಕೆಯ ಮುಂದಿನ ವಚನವೇ 2ನೇ ಅಧ್ಯಾಯದ ಮೊದಲನೆಯದು. ಪಂಚಾಶತ್ತಮ ದಿನ ಬಂದಾಗ ಅವರೆಲ್ಲರೂ ಒಂದೇ ಸ್ಥಳದಲ್ಲಿ ಕೂಡಿದ್ದರು. ಎಲ್ಲರೂ ಅಂದರೆ ಅವನೂ ಇದ್ದ ಅಂತಲೇ ನಾನು ಓದಿಕೊಳ್ಳುತ್ತೇನೆ. ಬೆಂಕಿಯ ನಾಲಿಗೆಗಳು ಪ್ರತಿಯೊಬ್ಬರ ಮೇಲೂ ಕೂತವು. ಆಮೇಲೆ ಪೇತ್ರ ಹನ್ನೊಂದು ಮಂದಿಯ ಜೊತೆ ಎದ್ದು ನಿಂತ. ಆ ಹನ್ನೊಂದರಲ್ಲಿ ಮತ್ತೀಯ ಒಬ್ಬ.

ಯೋಸೇಫನ ಹೆಸರು ಬೈಬಲಿನಲ್ಲಿ ಮತ್ತೆ ಬರುವುದಿಲ್ಲ. ಆದರೆ ಎರಡನೇ ಶತಮಾನದ ಆರಂಭದಲ್ಲಿ ಹಿಯರಾಪೊಲಿಸ್‌ನ ಬಿಷಪ್ ಪಪಿಯಾಸ್ ಹಿರಿಯರಿಂದ ಕೇಳಿದ ಸಂಗತಿಗಳನ್ನು ಬರೆದಿಟ್ಟ. ಯುಸೇಬಿಯಸ್ ಅದರಿಂದ ಒಂದನ್ನು ಉಳಿಸಿಕೊಟ್ಟಿದ್ದಾನೆ. ಬಾರ್ಸಬನೆಂಬ ಯುಸ್ತ ವಿಷ ಕುಡಿದ, ಕರ್ತನ ಕೃಪೆಯಿಂದ ಅವನಿಗೆ ಏನೂ ಆಗಲಿಲ್ಲ ಅಂತ. ಅದು ನಡೆಯಿತೋ ಇಲ್ಲವೋ ಅನ್ನುವುದಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದಿಡುವುದು ಆ ಹೆಸರು ಅಲ್ಲಿರುವುದೇ. ಯೆರೂಸಲೇಮಿನ ಆ ಮಹಡಿಯಲ್ಲಿ ಕೂತವನನ್ನು, ಸುಮಾರು 80 ವರ್ಷದ ಮೇಲೆ, ಸಮುದ್ರದಾಚೆಯ ಫ್ರುಗ್ಯ ಸೀಮೆಯಲ್ಲಿ ವಿಶ್ವಾಸಿಗಳು ತಮ್ಮವನು ಅಂತ ನೆನೆಯುತ್ತಿದ್ದರು.